ಮನೆಯ ಸ್ವಿಮ್ಮಿಂಗ್ ಪೂಲ್‌ನ ಕರೆಂಟ್ ತೊಂದರೆ: ಲಕ್ಷಣ ನೋಡಿ ದೋಷ ಹಿಡಿಯುವುದು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ತೋಟದ ಮನೆಗೆ ಪೂಲ್ ಕಟ್ಟಿಸಿಕೊಂಡವರಿಗೆ ಒಂದು ವಿಷಯ ಗೊತ್ತೇ ಇರುತ್ತದೆ. ವರ್ಷವೆಲ್ಲ ಸುಮ್ಮನೆ ಓಡಿದ ಪಂಪು ಏಪ್ರಿಲ್, ಮೇ ತಿಂಗಳಲ್ಲೇ ಕೈ ಕೊಡುತ್ತದೆ. ಮಕ್ಕಳು ರಜೆಗೆ ಬಂದಿರುತ್ತಾರೆ, ನೀರು ಹಸಿರಾಗುತ್ತದೆ, ಮನೆಯವರ ತಲೆ ಬಿಸಿಯಾಗುತ್ತದೆ. ಇದು ಬರೀ ದುರಾದೃಷ್ಟ ಅಲ್ಲ. ಆ ಎರಡು ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಎಲ್ಲರ ಎಸಿ, ಕೂಲರ್ ಓಡಿ ವೋಲ್ಟೇಜ್ ಇಳಿಯುತ್ತದೆ, ನೆಲ ಒಣಗಿ ಅರ್ಥಿಂಗ್ ಸಡಿಲಾಗುತ್ತದೆ. ಮೂರೂ ಒಟ್ಟಿಗೆ ಬರುತ್ತವೆ. ಹಾಗಾಗಿ 'ಮೋಟರ್ ಸುಟ್ಟಿದೆ' ಅಂತ ಬಿಚ್ಚಿಸಿ ವೈಂಡಿಂಗ್ ಅಂಗಡಿಗೆ ಒಯ್ಯುವ ಮೊದಲು ವೋಲ್ಟೇಜ್, ಜಾಯಿಂಟು, ಅರ್ಥಿಂಗ್ ಈ ಮೂರನ್ನು ನೋಡಿ. ನಮ್ಮ ಕಡೆ ಮೋಟರ್‌ನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಬಹಳಷ್ಟು ಇವುಗಳದ್ದೇ.

ಕೈ ಹಾಕುವ ಮೊದಲು

ಪಂಪ್ ರೂಮಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಆಫ್ ಮಾಡಿ. ಬೋರ್‌ವೆಲ್‌ಗೆ ಹಾಕಿದಂತೆ ಪೂಲ್ ಪಂಪಿಗೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡವರು ಇದ್ದಾರೆ. ಕರೆಂಟ್ ಹೋಗಿದೆ ಅಂದುಕೊಂಡು ಕೈ ಒಳಗಿಟ್ಟಿರುತ್ತೀರಿ, ಲೈನ್ ಬಂದ ತಕ್ಷಣ ಅದು ತಾನೇ ಎಳೆದುಕೊಳ್ಳುತ್ತದೆ. ಇನ್ವರ್ಟರ್, ಜನರೇಟರ್ ಇದ್ದರೆ ಅವನ್ನೂ ನಿಲ್ಲಿಸಿ. ಮೇನ್ ಮೇಲೆ 'ಕೆಲಸ ನಡೆದಿದೆ, ಹಾಕಬೇಡಿ' ಅಂತ ಒಂದು ಚೀಟಿ ಅಂಟಿಸಿ. ಮನೆ ತುಂಬ ನೆಂಟರು ಇದ್ದಾಗ ಆ ಚೀಟಿಯ ಬೆಲೆ ಗೊತ್ತಾಗುತ್ತದೆ.

ಟೆಸ್ಟರ್ ಉರಿಯಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ. ಮೊದಲು ಕರೆಂಟ್ ಇರುವ ಜಾಗದಲ್ಲಿ ಹಚ್ಚಿ ನೋಡಿ, ಆಮೇಲೆ ಬೇಕಾದ ಜಾಗದಲ್ಲಿ, ಕೊನೆಗೆ ಮತ್ತೆ ಮೊದಲಿನ ಜಾಗದಲ್ಲಿ.

ಮನೆಯವರು ಮಾಡಬಹುದಾದದ್ದು ಇಷ್ಟು: ನೋಡುವುದು, ಕೇಳುವುದು, ವಾಸನೆ ಹಿಡಿಯುವುದು, ಸ್ವಿಚ್ ಹಾಕಿ ತೆಗೆದು ಏನಾಗುತ್ತದೆ ಅಂತ ಗಮನಿಸುವುದು. ಸ್ಕ್ರೂ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀರಿನ ಪಕ್ಕದ ಕರೆಂಟು ಅಡುಗೆಮನೆಯ ಕರೆಂಟಿನಷ್ಟು ಸಲೀಸಲ್ಲ. ಒದ್ದೆ ಮೈಯಲ್ಲಿ ಚರ್ಮ ಕರೆಂಟನ್ನು ಅಷ್ಟಾಗಿ ತಡೆಯುವುದಿಲ್ಲ.

ನೀರು ಮುಟ್ಟಿದರೆ, ಏಣಿ ಹಿಡಿದರೆ ಜುಮ್ ಅನ್ನುತ್ತದೆ

ಇದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಇದರಲ್ಲಿ ನೀವೇ ಚೆಕ್ ಮಾಡುವ ಹಂತವೇ ಇಲ್ಲ. 'ಸ್ವಲ್ಪವೇ ಜುಮ್ ಅಂತೈತಿ, ಏನಾಗಲ್ಲ ಬಿಡ್ರಿ' ಅನ್ನುವ ಮಾತಿಗೆ ಕಿವಿ ಕೊಡಬೇಡಿ. ದಡದಲ್ಲಿದ್ದವರು ಮೇನ್ ಆಫ್ ಮಾಡಬೇಕು. ನೀರಿನಲ್ಲಿದ್ದವರು ಸ್ಟೀಲ್ ಏಣಿ ಮತ್ತು ನೀರೊಳಗಿನ ದೀಪದಿಂದ ದೂರ ಸರಿಯಬೇಕು. ಮೇನ್ ಆಫ್ ಆದ ಮೇಲೆ ಏಣಿ ಬಿಟ್ಟು ಬೇರೆ ಅಂಚಿನಿಂದ ಮೇಲೆ ಬರಬೇಕು.

ಯಾರಾದರೂ ನೀರಿನಲ್ಲಿ ಸೆಟೆದುಕೊಂಡಿದ್ದರೆ ಹಿಂದೆಯೇ ಹಾರಬೇಡಿ, ಇಬ್ಬರೂ ಸಿಕ್ಕಿಕೊಳ್ಳುತ್ತೀರಿ. ಮೊದಲು ಮೇನ್. ಆಮೇಲೆ ಒಣಗಿದ ಬಿದಿರು ಅಥವಾ ಪ್ಲಾಸ್ಟಿಕ್ ಪೈಪ್ ಚಾಚಿ ಎಳೆದುಕೊಳ್ಳಿ. ಪೂಲ್ ಕ್ಲೀನ್ ಮಾಡುವ ಉದ್ದ ಕೋಲು ಕೈಗೆ ಸಿಗುವ ಹಾಗೇ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ, ಅದು ಬೇಡ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿಲ್ಲ ಅಂದರೆ ಆಂಬ್ಯುಲೆನ್ಸ್ ಬರುವವರೆಗೆ ಎದೆ ಒತ್ತುವುದನ್ನು ನಿಲ್ಲಿಸಬೇಡಿ. ಗೊತ್ತಿದ್ದವರು ಬಾಯಿಂದ ಉಸಿರೂ ಕೊಡಲಿ.

ಮೇನ್ ಆಫ್ ಮಾಡಿದ ಮೇಲೆ ಜುಮ್ ಅನ್ನುವುದು ನಿಂತರೆ ದೋಷ ನಿಮ್ಮ ಮನೆಯ ವೈರಿಂಗ್‌ನಲ್ಲಿದೆ ಅಂತ ಅರ್ಥ. ದೀಪಕ್ಕೆ ನೀರು ಇಳಿದಿರಬಹುದು, ಪಂಪಿನ ಬಾಡಿಗೆ ಫೇಸ್ ತಾಗಿರಬಹುದು. ಆಫ್ ಮಾಡಿದ ಮೇಲೂ ಹಾಗೇ ಇದೆ ಅಂತ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಹೇಳಿದರೆ, ಕರೆಂಟು ಹೊರಗಿನ ನ್ಯೂಟ್ರಲ್ ಅಥವಾ ಅರ್ಥ್ ಹಿಡಿದು ಬರುತ್ತಿದೆ. ಆಗ ವಿದ್ಯುತ್ ಕಂಪನಿಯ 1912ಕ್ಕೆ ದೂರು ಕೊಡಿ. ಇದನ್ನು ಖಚಿತ ಮಾಡಿಕೊಳ್ಳಲು ನೀವೇ ನೀರಿಗೆ ಕೈ ಅದ್ದಿ ನೋಡಬೇಡಿ. ದೋಷ ಸಿಕ್ಕು ಸರಿಯಾಗುವವರೆಗೆ ಪೂಲ್ ಮುಚ್ಚಿರಲಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ

ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕತ್ತರಿಸುವ ಸ್ವಿಚ್. ನಮಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ. ಮಾತು ಹೀಗೆ ಶುರುವಾಗುತ್ತದೆ: 'ಅಣ್ಣಾ, ಆ ಸ್ವಿಚ್ ಸರಿ ಇಲ್ಲ, ಸುಮ್ನೆ ಬೀಳ್ತೈತಿ. ಡೈರೆಕ್ಟ್ ಮಾಡಿಬಿಡ್ರಿ.' ಡೈರೆಕ್ಟ್ ಮಾತ್ರ, ಅಂದರೆ ಆರ್‌ಸಿಸಿಬಿ ತಪ್ಪಿಸಿ ಲೈನ್ ಕೊಡುವುದನ್ನು, ಮಾಡಿಸಬೇಡಿ. ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ.

ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಸ್ವಿಚ್ ನೋಡುವುದು ಕರೆಂಟ್ ಎಷ್ಟು ಜಾಸ್ತಿ ಹರಿಯುತ್ತಿದೆ ಅನ್ನುವುದನ್ನು ಮಾತ್ರ. ಎರೆ ಭೂಮಿಯಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ ಅಲ್ವಾ? ಅರ್ಥ್ ಗುಂಡಿಯ ಪೈಪಿನ ಸುತ್ತಲೂ ಹಾಗೇ ಆಗುತ್ತದೆ. ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ, ಅರ್ಥ್‌ನ ತಡೆ ಏರುತ್ತದೆ. ಅದು 20 ಓಮ್ ಆಯಿತು ಅಂದುಕೊಳ್ಳಿ. ಈಗ ಮೋಟರ್ ಬಾಡಿಗೆ ಫೇಸ್ ತಾಗಿದರೆ ನೆಲಕ್ಕೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಬಾಡಿ ಕರೆಂಟ್ ಹಿಡಿದುಕೊಂಡೇ ಕೂತಿರುತ್ತದೆ, ಪಂಪೂ ಓಡುತ್ತಿರುತ್ತದೆ. ಆರ್‌ಸಿಸಿಬಿ ಹಾಗಲ್ಲ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಬೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಿಮ್ಮನ್ನು ಕಾಯುವುದು ಅದೊಂದೇ. ಪೂಲ್‌ಗೆ 30 ಮಿಲಿ ಆಂಪಿಯರ್‌ದೇ ಇರಲಿ. 100ರದ್ದು, 300ರದ್ದು ಬೆಂಕಿ ತಡೆಯಲು ಇರುವಂಥವು, ಮನುಷ್ಯರಿಗಲ್ಲ.

ಈಗ ದೋಷ ಹುಡುಕೋಣ. ಯಾವಾಗ ಬೀಳುತ್ತದೆ ಅನ್ನುವುದನ್ನು ಮೊದಲು ಗಮನಿಸಿ, ಅದಕ್ಕೆ ಖರ್ಚಿಲ್ಲ.

ಪಂಪ್ ಹಾಕಿದ ಕೂಡಲೇ ಬಿದ್ದರೆ ದೋಷ ಪಂಪಿನಲ್ಲಿ ಅಥವಾ ಅದರ ವೈರಿನಲ್ಲಿದೆ. ಮೋಟರ್ ಮತ್ತು ಪಂಪ್ ಸೇರುವ ಕಡೆ ಕೆಳಗೆ ನೋಡಿ. ನೀರಿನ ಹನಿ ಇದ್ದರೆ, ಬಿಳಿ ಉಪ್ಪಿನ ಕಲೆ ಕಟ್ಟಿದ್ದರೆ ಸೀಲ್ ಹೋಗಿದೆ, ನೀರು ಮೋಟರ್ ಒಳಗೆ ಇಳಿಯುತ್ತಿದೆ. ನಮ್ಮ ಬೋರ್ ನೀರಿನ ಉಪ್ಪಿಗೆ ಈ ಕಲೆ ಬೇಗ ಕಾಣುತ್ತದೆ. ಸೀಲ್ ಈಗಲೇ ಬದಲಿಸಿದರೆ ಮೋಟರ್ ಉಳಿಯುತ್ತದೆ, ಹಾಗೇ ಓಡಿಸಿದರೆ ಬೇರಿಂಗು, ವೈಂಡಿಂಗು ಎರಡೂ ಹೋಗುತ್ತವೆ.

ಸಂಜೆ ದೀಪ ಹಾಕಿದಾಗ ಮಾತ್ರ ಬಿದ್ದರೆ ದೀಪದ ಲೈನು. ಅದನ್ನು ಮುಂದೆ ನೋಡೋಣ.

ಮಳೆ ಬಂದಾಗ, ಹುಲ್ಲಿಗೆ ನೀರು ಬಿಟ್ಟಾಗ ಮಾತ್ರ ಬಿದ್ದು, ಮಧ್ಯಾಹ್ನದ ಬಿಸಿಲಿಗೆ ತಾನೇ ಸರಿಹೋದರೆ ಎಲ್ಲೋ ಜಂಕ್ಷನ್ ಬಾಕ್ಸ್‌ಗೆ ನೀರು ಸೇರಿದೆ. ಸಂಡೂರು, ತೋರಣಗಲ್ಲು ಸುತ್ತಮುತ್ತ ಕೆಂಪು ಧೂಳು ಬಾಕ್ಸ್‌ಗಳ ಒಳಗೂ ಹೋಗಿ ಟರ್ಮಿನಲ್ ಮೇಲೆ ಕೂರುತ್ತದೆ. ಒಣಗಿದ್ದಾಗ ಸುಮ್ಮನಿರುತ್ತದೆ. ಮೊದಲ ಮಳೆಯ ತೇವ ತಾಗಿದರೆ ಅದೇ ಕರೆಂಟ್ ಸೋರುವ ದಾರಿ. ಮುಚ್ಚಳ ತೆಗೆಸಿ ನೋಡಿದರೆ ಚಿತ್ರ ಸಾಮಾನ್ಯವಾಗಿ ಹೀಗಿರುತ್ತದೆ: ಕೆಳಗೆ ಬೆರಳು ದಪ್ಪ ಕೆಂಪು ಕೆಸರು, ಮೂಲೆಯಲ್ಲಿ ಇರುವೆ ಗೂಡು, ಟೇಪ್ ಸುತ್ತಿದ ಜಾಯಿಂಟಿನ ಅಂಟು ಬಿಸಿಲಿಗೆ ಕರಗಿ ಟೇಪು ನಾಲಿಗೆ ಚಾಚಿಕೊಂಡಿದೆ, ಒಳಗಿನ ತಾಮ್ರ ಹಸಿರಾಗಿದೆ. ಇದನ್ನು ಒರೆಸಿ ಮತ್ತೆ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಇದೇ ಕತೆ. ಜಾಯಿಂಟ್ ಕತ್ತರಿಸಿ ಕನೆಕ್ಟರ್ ಹಾಕಿಸಿ. ನೀರು ಹೋಗದ ಬಾಕ್ಸ್ ಮತ್ತು ವೈರ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಹಾಕಿಸಿ. ವೈರು ಬಾಕ್ಸ್‌ಗೆ ಕೆಳಗಿನಿಂದ ಬರಲಿ, ಮೇಲಿಂದ ಬಂದರೆ ಮಳೆನೀರು ವೈರ್ ಹಿಡಿದೇ ಒಳಗೆ ಇಳಿಯುತ್ತದೆ.

ಯಾವ ಹೊತ್ತಿಗೂ ಸಂಬಂಧವಿಲ್ಲದೆ ಬೀಳುತ್ತಿದ್ದರೆ ಆರ್‌ಸಿಸಿಬಿ ಕೆಳಗಿನ ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದೇ ಎಂಸಿಬಿ ಹಾಕುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ದೋಷ ಆ ಲೈನಿನಲ್ಲಿದೆ. ಎಲ್ಲ ಆಫ್ ಇದ್ದರೂ ಬಿದ್ದರೆ ತಕ್ಷಣ 'ಆರ್‌ಸಿಸಿಬಿಯೇ ಹೋಗಿದೆ' ಅನ್ನಬೇಡಿ. ಮನೆಗಳಲ್ಲಿ ಇರುವ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಾಗಿದ್ದರೆ ಎಂಸಿಬಿ ಆಫ್ ಇದ್ದರೂ ಅದು ಬೀಳುತ್ತದೆ. ಎಲೆಕ್ಟ್ರಿಷಿಯನ್ ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ವೈರ್ ಬಿಡಿಸಿ ನೋಡಬೇಕು. ಇನ್ನೊಂದು ಕಳ್ಳ ದೋಷ ಇದೆ. ಹೊಸದಾಗಿ ಗಾರ್ಡನ್ ಲೈಟ್ ಹಾಕುವಾಗ ಫೇಸ್ ಒಂದು ಲೈನಿನಿಂದ, ನ್ಯೂಟ್ರಲ್ ಹತ್ತಿರ ಸಿಕ್ಕ ಇನ್ನೊಂದು ಲೈನಿನಿಂದ ಎಳೆದಿರುತ್ತಾರೆ. ಆ ಲೈಟ್ ಹಾಕಿದಾಗೆಲ್ಲ ಪೂಲ್‌ನ ಆರ್‌ಸಿಸಿಬಿ ಬೀಳುತ್ತದೆ, ಪೂಲ್‌ನಲ್ಲಿ ಏನೂ ದೋಷ ಇರುವುದಿಲ್ಲ. ಇತ್ತೀಚೆಗೆ ಮನೆಯಲ್ಲಿ ಯಾವ ವೈರಿಂಗ್ ಕೆಲಸ ಆಯಿತು ಅಂತ ನೆನಪಿಸಿಕೊಳ್ಳಿ.

ಗದ್ದೆ ಪಕ್ಕದ ಮನೆಯಾದರೆ, ಗಂಗಾವತಿ, ಸಿಂಧನೂರು ಕಡೆಯ ಹಾಗೆ, ಇಲಿ ಹೆಗ್ಗಣಗಳನ್ನು ಮರೆಯಬೇಡಿ. ಭತ್ತ ಕೊಯ್ದ ಮೇಲೆ ಅವು ಪಂಪ್ ರೂಮಿಗೆ ಬಂದು ವೈರಿನ ಮೈ ಕಡಿಯುತ್ತವೆ. ಪೈಪಿನ ತೆರೆದ ಬಾಯಿಗಳನ್ನು ಮುಚ್ಚಿಸಿ.

ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದರೂ ಬೀಳದಿದ್ದರೆ ಅದು ಸತ್ತಿದೆ, ಅವತ್ತೇ ಬದಲಿಸಿ, ಅಲ್ಲಿಯವರೆಗೆ ಪೂಲ್ ಬೇಡ. ಬಟನ್‌ಗೆ ಬಿತ್ತು ಅಂದ ಮಾತ್ರಕ್ಕೆ ಅರ್ಥಿಂಗ್ ಚೆನ್ನಾಗಿದೆ ಅಂತಲ್ಲ. ಅರ್ಥ್ ವೈರೇ ಇಲ್ಲದಿದ್ದರೂ ಬಟನ್ ಕೆಲಸ ಮಾಡುತ್ತದೆ.

ಎಂಸಿಬಿ ಬೀಳುತ್ತದೆ

ಹಾಕಿದ ಕ್ಷಣವೇ ಟಪ್ ಅಂತ ಬಿದ್ದರೆ ಶಾರ್ಟ್ ಆಗಿದೆ. ಎರಡನೇ ಸಲ ಎತ್ತಿ ನೋಡಬೇಡಿ, ಬಿಟ್ಟುಬಿಡಿ. ಸುಟ್ಟ ವಾಸನೆ ಇದ್ದರಂತೂ ಮುಟ್ಟಲೇಬೇಡಿ. ಹತ್ತು ಹದಿನೈದು ನಿಮಿಷ ಓಡಿ ಬಿದ್ದರೆ ಲೋಡ್ ಜಾಸ್ತಿಯಾಗಿದೆ ಅಥವಾ ಎಂಸಿಬಿಯ ಸ್ಕ್ರೂ ಸಡಿಲಾಗಿ ಬಿಸಿಯಾಗುತ್ತಿದೆ. 1 ಎಚ್‌ಪಿ ಸಿಂಗಲ್ ಫೇಸ್ ಪೂಲ್ ಪಂಪು ಸುಮಾರು 6 ಆಂಪಿಯರ್ ಎಳೆಯುತ್ತದೆ. ನಿಖರ ಅಂಕಿ ಮೋಟರ್‌ನ ತಗಡಿನ ಪ್ಲೇಟ್ ಮೇಲಿರುತ್ತದೆ. ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದು ಪ್ಲೇಟ್‌ಗಿಂತ ಜಾಸ್ತಿ ಬರುತ್ತಿದೆಯಾ ನೋಡಲಿ. ಬೀಳುತ್ತದೆ ಅಂತ 16ರ ಜಾಗಕ್ಕೆ 32ರ ಎಂಸಿಬಿ ಹಾಕಿಸುವುದು ಮಾತ್ರ ಬೇಡ. ಆಗ ಎಂಸಿಬಿ ಉಳಿಯುತ್ತದೆ, ವೈರ್ ಉರಿಯುತ್ತದೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ತಕ್ಷಣ ಆಫ್ ಮಾಡಿ. ನಿಂತ ಮೋಟರ್ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಬೇಗ ಕಪ್ಪಾಗುತ್ತದೆ.

ಮೊದಲು ವೋಲ್ಟೇಜ್ ನೋಡಿ. ಸ್ಟೆಬಿಲೈಸರ್ ಮೇಲೋ ಪ್ಯಾನೆಲ್ ಮೇಲೋ ಅಂಕಿ ಕಾಣುತ್ತದೆ. ಮೋಟರ್‌ನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಶಕ್ತಿ ಶೇಕಡಾ 60ರ ಆಸುಪಾಸಿಗೆ ಬಂದಿರುತ್ತದೆ. ಸಂಜೆ ಏಳಕ್ಕೆ ಏಳದ ಪಂಪು ಬೆಳಗಿನ ಜಾವ ಐದಕ್ಕೆ ಸಲೀಸಾಗಿ ಎದ್ದರೆ ದೋಷ ವೋಲ್ಟೇಜಿನದ್ದೇ. ಪಂಪ್ ಓಡಿಸುವ ಹೊತ್ತು ಬದಲಿಸಿ, ಕೆಲಸ ಮುಗಿಯಿತು.

ಮೀಟರ್ ಹತ್ತಿರ 225 ಇದ್ದು ಪಂಪ್ ಹತ್ತಿರ ಎದ್ದೇಳುವ ಹೊತ್ತಿಗೆ ಕುಸಿಯುತ್ತಿದ್ದರೆ ವೈರ್ ಸಣ್ಣದು. ತೋಟದ ಮನೆಗಳಲ್ಲಿ ಪೂಲ್ ದೂರ ಇರುತ್ತದೆ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು 50 ಮೀಟರ್ ಹೋಗಿ ಬರುವಷ್ಟಕ್ಕೆ ತಡೆ ಸುಮಾರು ಮುಕ್ಕಾಲು ಓಮ್. ಓಡುವಾಗ 4-5 ವೋಲ್ಟ್ ಹೋಗುತ್ತದೆ, ಪರವಾಗಿಲ್ಲ. ಏಳುವಾಗ 35 ಆಂಪಿಯರ್ ಎಳೆದರೆ 26 ವೋಲ್ಟ್ ದಾರಿಯಲ್ಲೇ ಖಾಲಿ. 4 ಸ್ಕ್ವೇರ್ ಹಾಕಿದ್ದರೆ ಅದು 16ಕ್ಕೆ ನಿಲ್ಲುತ್ತಿತ್ತು.

ವೋಲ್ಟೇಜ್ ಸರಿ ಇದ್ದರೆ, ಮೇನ್ ಆಫ್ ಮಾಡಿ ಮೋಟರ್ ಹಿಂದಿನ ಫ್ಯಾನ್ ಕಡೆಯಿಂದ ಶಾಫ್ಟ್ ತಿರುಗಿಸಿ ನೋಡಬೇಕು. ತಿಂಗಳುಗಟ್ಟಲೆ ನಿಂತ ಪಂಪು ಉಪ್ಪು ಕಟ್ಟಿ ಜಾಮ್ ಆಗಿರುತ್ತದೆ, ಇಲ್ಲವೇ ಒಳಗೆ ಕಲ್ಲು ಸಿಕ್ಕಿರುತ್ತದೆ. ಸಲೀಸಾಗಿ ತಿರುಗಿಯೂ ಏಳದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ. ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಅನುಮಾನವೂ ಬೇಕಿಲ್ಲ. ಇದು ಕೆಲವು ನೂರು ರೂಪಾಯಿಯ ಸಾಮಾನು, ಅದಕ್ಕೋಸ್ಕರ ಮೋಟರ್ ವೈಂಡಿಂಗ್ ಮಾಡಿಸಬೇಡಿ. ಆದರೆ ನೀವೇ ಬಿಚ್ಚಬೇಡಿ. ಮೇನ್ ಆಫ್ ಆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಮೂರು ಫೇಸ್ ಮೋಟರ್ ಗುಂಯ್ ಅಂದರೆ ಒಂದು ಫೇಸ್ ಹೋಗಿದೆ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿಲ್ಲ ಅಂದರೆ ಹಾಕಿಸಿ. ಲೈನ್ ರಿಪೇರಿ ಆದ ಮರುದಿನದಿಂದ ಪಂಪ್ ಓಡುತ್ತಿದೆ ಆದರೆ ನೀರು ಬರುತ್ತಿಲ್ಲ ಅಂದರೆ ಫೇಸ್ ಅದಲು ಬದಲಾಗಿ ಉಲ್ಟಾ ತಿರುಗುತ್ತಿರಬಹುದು.

ಸ್ವಲ್ಪ ಹೊತ್ತು ಓಡಿ ತಾನೇ ನಿಲ್ಲುತ್ತದೆ, ಆಮೇಲೆ ತಾನೇ ಎದ್ದೇಳುತ್ತದೆ

ಮೋಟರ್ ಒಳಗಿನ ಥರ್ಮಲ್ ರಿಲೇ ಬಿಸಿಗೆ ಬೀಳುತ್ತಿದೆ. ಸಾಮಾನ್ಯ ಮೋಟರ್‌ಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಇರುತ್ತದೆ ಅಂತ ಲೆಕ್ಕ ಹಿಡಿದು ಮಾಡಿರುತ್ತಾರೆ. ರಾಯಚೂರಿನ ಮೇ ತಿಂಗಳಲ್ಲಿ ನೆರಳಲ್ಲೇ ಅದಕ್ಕಿಂತ ಜಾಸ್ತಿ. ತಗಡಿನ ಶೀಟು ಹಾಕಿ ಬಾಗಿಲು ಬೀಗ ಜಡಿದ ಪಂಪ್ ರೂಮ್ ಒಳಗೆ ಎಷ್ಟಿರುತ್ತದೆ ನೀವೇ ಯೋಚಿಸಿ. ಒಂದು ದಿನ ಬಾಗಿಲು ತೆರೆದು ಓಡಿಸಿ. ನಿಲ್ಲದಿದ್ದರೆ ಉತ್ತರ ಸಿಕ್ಕಿತು: ಎದುರುಬದುರು ಎರಡು ಜಾಲಿ ಕಿಟಕಿ ಇಡಿಸಿ. ಆದರೂ ನಿಂತರೆ ಫ್ಯಾನ್ ಕವರ್‌ನ ಧೂಳು, ಜಾಲರಿ ಬುಟ್ಟಿಯಲ್ಲಿ ಕಟ್ಟಿದ ಎಲೆ, ಕಡಿಮೆ ವೋಲ್ಟೇಜ್ ಇವನ್ನು ಈ ಕ್ರಮದಲ್ಲೇ ನೋಡಿ. ರಿಲೇ ಆರಿದ ಮೇಲೆ ಮೋಟರ್ ಹೇಳದೆ ಕೇಳದೆ ತಿರುಗುತ್ತದೆ, ಆದ್ದರಿಂದ ಮೇನ್ ಹಾಕಿದ್ದಾಗ ಫ್ಯಾನ್ ಹತ್ತಿರ ಬೆರಳು ಬೇಡ.

ಅದೇ ರೂಮಿನಲ್ಲಿ ಕ್ಲೋರಿನ್ ಮತ್ತು ಆ್ಯಸಿಡ್ ಕ್ಯಾನ್ ಇಟ್ಟಿದ್ದೀರಾ? ಅವುಗಳ ಹೊಗೆ ತಾಮ್ರದ ಟರ್ಮಿನಲ್‌ಗಳನ್ನು ತಿನ್ನುತ್ತದೆ. ಎರಡೂ ಒಂದಕ್ಕೊಂದು ಸೇರಿದರೆ ವಿಷದ ಗಾಳಿಯೇ ಏಳುತ್ತದೆ. ಬೇರೆ ಬೇರೆ ಕಡೆ, ಪ್ಯಾನೆಲ್‌ನಿಂದ ದೂರ ಇಡಿ.

ಸ್ಟಾರ್ಟರ್ ಕಟಕಟ ಅನ್ನುತ್ತದೆ, ಟೈಮರ್ ಹೊತ್ತು ತಪ್ಪುತ್ತದೆ

ಕಟಕಟ ಅಂದರೆ ಸ್ಟಾರ್ಟರ್ ಒಳಗೆ ಲೈನ್ ಸೇರಿಸುವ ಕಾಂಟ್ಯಾಕ್ಟರ್ ಹಿಡಿದುಕೊಳ್ಳಲು ಆಗದೆ ಒದ್ದಾಡುತ್ತಿದೆ. ಕಡಿಮೆ ವೋಲ್ಟೇಜ್ ಒಂದು ಕಾರಣ. ಇರುವೆ ಇನ್ನೊಂದು: ಕಾಂಟ್ಯಾಕ್ಟ್ ನಡುವೆ ಸತ್ತು ಸತ್ತು ಪದರ ಕಟ್ಟಿರುತ್ತವೆ, ಕೆಲವೊಮ್ಮೆ ಸುಟ್ಟ ಹಲ್ಲಿಯೂ ಸಿಗುತ್ತದೆ. ಆಫ್ ಒತ್ತಿದರೂ ಪಂಪ್ ನಿಲ್ಲದಿದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಮೇನ್‌ನಿಂದ ಆಫ್ ಮಾಡಿ ಬದಲಿಸಿ. ಟೈಮರ್ ವಿಷಯ ಸುಲಭ. ಬ್ಯಾಟರಿ ಇಲ್ಲದ ಚಕ್ರದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತಿರುತ್ತದೆ, ದಿನಕ್ಕೆ ಎರಡು ಗಂಟೆ ಕರೆಂಟ್ ಹೋದರೆ ವಾರದಲ್ಲಿ 14 ಗಂಟೆ ಹಿಂದೆ ಬೀಳುತ್ತದೆ. ಬ್ಯಾಟರಿ ಇರುವ ಟೈಮರ್ ಹಾಕಿಸಿ.

ಪಂಪಿನಲ್ಲಿ ಜೀವವೇ ಇಲ್ಲ

ಟೈಮರ್ 'ಆಫ್'ನಲ್ಲಿದೆಯಾ, ಎಂಸಿಬಿ ಬಿದ್ದಿದೆಯಾ, ಪಂಪ್ ರೂಮಿನ ಬಲ್ಬ್ ಉರಿಯುತ್ತದೆಯಾ ನೋಡಿ. ಬಲ್ಬ್ ಉರಿದು ಪಂಪ್ ಸತ್ತಿದ್ದರೆ ಸ್ಟಾರ್ಟರ್‌ನ ರಿಲೇ ಬಿದ್ದಿರುತ್ತದೆ, ಬಟನ್ ಒತ್ತಿ ಒಮ್ಮೆ ಸೆಟ್ ಮಾಡಿ. ಮತ್ತೆ ಬಿದ್ದರೆ ನಿಲ್ಲಿಸಿ, ಮೇಲಿನ ಲಕ್ಷಣಗಳಲ್ಲಿ ಯಾವುದು ಹೊಂದುತ್ತದೆ ನೋಡಿ.

ನೀರೊಳಗಿನ ದೀಪ ಆರುತ್ತದೆ, ಮಂಕಾಗುತ್ತದೆ

ಪೂಲ್ ನೀರೊಳಗಿನ ದೀಪ 12 ವೋಲ್ಟ್‌ನದ್ದೇ ಆಗಿರಬೇಕು. ದೀಪವನ್ನು ಮನೆಯ ಲೈನಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಪೂಲ್ ಅಂಚಿನಿಂದ ಕಡಿಮೆ ಅಂದರೂ ಮೂರೂವರೆ ಮೀಟರ್ ಆಚೆ ಇರಬೇಕು. ನಿಮ್ಮ ಪಂಪ್ ರೂಮಿನಲ್ಲಿ 12 ವೋಲ್ಟ್ ಅಂತ ಬರೆದ ಟ್ರಾನ್ಸ್‌ಫಾರ್ಮರ್ ಕಾಣದಿದ್ದರೆ ದೀಪದ ಎಂಸಿಬಿ ಆಫ್ ಮಾಡಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಲೇಬೇಡಿ. ಮನೆಯ ಅಲಂಕಾರದ ಎಲ್‌ಇಡಿ ಡ್ರೈವರ್ ಅದರ ಬದಲಿಗೆ ನಡೆಯುವುದಿಲ್ಲ.

ಒಂದೇ ದೀಪ ಹೋದರೆ ಬಲ್ಬು. ಗಾಜಿನ ಒಳಗೆ ಬೆವರು ಕಂಡರೆ ಗ್ಯಾಸ್ಕೆಟ್ ಹೋಗಿದೆ. ದೂರದ ದೀಪ ಮಾತ್ರ ಮಂಕಿದ್ದರೆ ವೈರ್ ಸಣ್ಣದು, 12 ವೋಲ್ಟ್‌ನಲ್ಲಿ ಎರಡು ವೋಲ್ಟ್ ಕಳೆದರೂ ಎದ್ದು ಕಾಣುತ್ತದೆ. ದೀಪದ ಜಂಕ್ಷನ್ ಬಾಕ್ಸ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ವೈರಿನ ಎಳೆಗಳ ನಡುವೆಯೇ ನೀರು ಹರಿದು ಬಾಕ್ಸ್ ತುಂಬುತ್ತದೆ.

ಪಂಪ್ ಹಾಕಿದರೆ ಮನೆಯ ಕೆಲವು ದೀಪ ಜೋರು, ಕೆಲವು ಮಂಕು

ಮೂರು ಫೇಸ್ ಮನೆಯಲ್ಲಿ ಹೀಗಾದರೆ ನ್ಯೂಟ್ರಲ್ ಕಡಿದಿದೆ ಅಥವಾ ಸಡಿಲಾಗಿದೆ. ಇದರಲ್ಲಿ 230ರ ಜಾಗಕ್ಕೆ 400ರ ಹತ್ತಿರ ಬರಬಹುದು. ಟಿವಿ, ಫ್ರಿಜ್ ಹೋಗುತ್ತವೆ, ಪೂಲ್‌ನ ಲೋಹದ ಭಾಗಗಳಿಗೂ ಕರೆಂಟ್ ಬರಬಹುದು. ಹುಡುಕುತ್ತ ಕೂರಬೇಡಿ, ಮೇನ್ ಆಫ್ ಮಾಡಿ 1912ಕ್ಕೆ ಅಥವಾ ಲೈನ್‌ಮನ್‌ಗೆ ಫೋನ್ ಮಾಡಿ. ಕಂಬ ನೀವು ಹತ್ತುವ ಜಾಗ ಅಲ್ಲ.

ಎಲೆಕ್ಟ್ರಿಷಿಯನ್ ಬಂದಾಗ

ಬರೀ ಟೆಸ್ಟರ್ ಹಿಡಿದು ಬಂದವರಿಂದ ಪೂಲ್ ಕೆಲಸ ಮಾಡಿಸಬೇಡಿ. 500 ವೋಲ್ಟ್ ಮೆಗ್ಗರ್ (ಕರೆಂಟ್ ಸೋರದಂತೆ ತಡೆಯುವ ಶಕ್ತಿ ಅಳೆಯುವ ಮೀಟರ್) ಹಾಕಿ ಮೋಟರ್ ಮತ್ತು ವೈರ್ ನೋಡಲಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಹಾಕುವಂತಿಲ್ಲ, ಒಳ್ಳೆಯ ಮೋಟರ್‌ನಲ್ಲಿ ಅದು ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಅರ್ಥ್ ಟೆಸ್ಟರ್ ಹಾಕಿ ಗುಂಡಿಯ ತಡೆ ಅಳೆಯಲಿ, 5 ಓಮ್ ಒಳಗೆ ಇದ್ದರೆ ಒಳ್ಳೆಯದು. ಈ ಅಳತೆಯನ್ನು ಮಳೆಗಾಲದಲ್ಲಿ ಮಾಡಿಸಿ ಸಮಾಧಾನ ಪಡಬೇಡಿ, ಏಪ್ರಿಲ್‌ನಲ್ಲಿ ಮಾಡಿಸಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗುಂಡಿಗೆ ನಾಲ್ಕು ಬಕೆಟ್ ನೀರು ಹಾಕಿ. ಮಸಾರಿ ನೆಲ, ಬಂಡೆ ಇರುವ ಕಡೆ ಒಂದು ಗುಂಡಿ ಸಾಲದೆ ಎರಡನೆಯದು ಬೇಕಾಗಬಹುದು. ಏಣಿ, ಕೈ ಹಿಡಿಯುವ ಸರಳು, ಪಂಪ್ ಬಾಡಿ ಎಲ್ಲವನ್ನೂ ಒಂದೇ ಅರ್ಥ್ ವೈರಿಗೆ ಸೇರಿಸಿದ್ದಾರಾ ಅಂತಲೂ ಕೇಳಿ. ಎಲ್ಲ ಅಳತೆಗಳನ್ನು ದಿನಾಂಕ ಹಾಕಿ ಪ್ಯಾನೆಲ್ ಬಾಗಿಲಿನ ಒಳಗೆ ಬರೆಸಿ. ಮುಂದಿನ ವರ್ಷ ಬೇರೆ ಎಲೆಕ್ಟ್ರಿಷಿಯನ್ ಬಂದರೂ ಎಷ್ಟು ಬದಲಾಗಿದೆ ಅಂತ ಅವರಿಗೆ ಗೊತ್ತಾಗುತ್ತದೆ.